ಆಟಿಯ ಮಳೆ, ಚೆನ್ನೆಯ ಮಣೆ

ಕಲ್ಲಡ್ಕ ಎಂದೊಡನೆ ದಾರಿಹೋಕರಿಗೆ ನೆನಪಾಗುವುದು ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ನಿಲ್ಲುವ ಗಾಜಿನ ಲೋಟದ ‘ಕೆ.ಟಿ.’ ಚಹಾ. ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಬಿ.ಸಿ. ರೋಡ್ ದಾಟಿ ಮಾಣಿಯತ್ತ ಹೋಗುವಾಗ ಸಿಗುವ ಬಂಟ್ವಾಳ ತಾಲೂಕಿನ ಪೇಟೆ ಇದು. ಈಗ ಪೇಟೆಯ ನೆತ್ತಿಯ ಮೇಲೆ ಮೇಲ್ಸೇತುವೆ ಎದ್ದಿದೆ. ಆದರೆ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಅಡಿಕೆ ತೋಟಗಳ ನಡುವೆ ಹಳೆಯ ಹಂಚಿನ ಮನೆಗಳು ಇನ್ನೂ ಕಾಣಸಿಗುತ್ತವೆ. ಅಂಥ ಮನೆಗಳ ಜಗಲಿಯಲ್ಲಿ ಕುಳಿತ ಹಿರಿಯರನ್ನು ಬಾಲ್ಯದ ಆಟಗಳ ಬಗ್ಗೆ ಕೇಳಿದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಗಂಡಸರ ಪಟ್ಟಿಯಲ್ಲಿ ಲಗೋರಿ, ಕುಟ್ಟಿದೊಣ್ಣೆ, ಗೋಲಿ, ಬೇಸಿಗೆಯಲ್ಲಿ ಗೇರುಬೀಜ ಸಾಲಾಗಿಟ್ಟು ಹೊಡೆಯುವ ಆಟ, ಹಬ್ಬದ ದಿನಗಳಲ್ಲಿ ತೆಂಗಿನಕಾಯಿಗೆ ತೆಂಗಿನಕಾಯಿ ಕುಟ್ಟುವ ಪಂದ್ಯ ಬರುತ್ತವೆ. ಹೆಂಗಸರ ಪಟ್ಟಿಯಲ್ಲಿ ಕಲ್ಲಾಟ, ಕುಂಟಾಟಗಳ ಜೊತೆಗೆ ತಪ್ಪದೆ ಬರುವ ಹೆಸರು ‘ಚೆನ್ನೆ’. ಬೇರೆ ಆಟಗಳನ್ನು ನೆನೆಯುವಾಗ ನಗುವ ಅಜ್ಜಿಯರು ಚೆನ್ನೆಯ ಮಾತು ಬಂದಾಗ ಎರಡು ಷರತ್ತುಗಳನ್ನೂ ಸೇರಿಸಿಯೇ ಹೇಳುತ್ತಾರೆ. ಆಟಿ ತಿಂಗಳು ಬಿಟ್ಟು ಬೇರೆ ತಿಂಗಳಲ್ಲಿ ಆಡಬಾರದು ಎಂಬುದು ಒಂದು. ಒಡಹುಟ್ಟಿದ ಅಕ್ಕ ತಂಗಿ ಎದುರುಬದುರು ಕುಳಿತು ಆಡಬಾರದು ಎಂಬುದು ಇನ್ನೊಂದು.

ಲಗೋರಿಗೆ ಇಂಥ ಕಟ್ಟುಪಾಡಿಲ್ಲ, ಗೋಲಿಗೂ ಇಲ್ಲ. ಮರದ ಮಣೆಯ ಗುಳಿಗಳಿಗೆ ಕೆಂಪು ಕಾಯಿ ಹಾಕುವ ಈ ಆಟಕ್ಕೆ ಮಾತ್ರ ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ತುಳುನಾಡಿನ ಹೆಣ್ಣುಮಕ್ಕಳ ಬದುಕಿನ ಒಂದು ದೊಡ್ಡ ಅಧ್ಯಾಯವೇ ತೆರೆದುಕೊಳ್ಳುತ್ತದೆ.

14 ಗುಳಿ, 56 ಕಾಯಿ

ಚೆನ್ನೆಮಣೆ ನೋಡಲು ಸರಳ ವಸ್ತು. ಉದ್ದನೆಯ ಮರದ ಹಲಗೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಗೆದ್ದ ಕಾಯಿ ಕೂಡಿಡಲು ಕೆಲವು ಮಣೆಗಳ ಎರಡು ತುದಿಗಳಲ್ಲಿ ಒಂದೊಂದು ಗುಳಿ ಹೆಚ್ಚಿಗೆ ಇರುತ್ತದೆ. ಬಡಗಿಯನ್ನು ಮನೆಗೆ ಕರೆಸಿ ಮಣೆ ಮಾಡಿಸಿಕೊಂಡವರಿದ್ದರು. ಮಣೆ ಇಲ್ಲದ ಮನೆಯ ಮಕ್ಕಳು ಮಣ್ಣಿನಲ್ಲಿ ಗುಳಿ ತೋಡಿಯೂ ಆಡುತ್ತಿದ್ದರು.

ಕಾಯಿ ಎಂದರೆ ಸಾಮಾನ್ಯವಾಗಿ ಮಂಜೊಟ್ಟಿ. ಗುಲಗಂಜಿಯಂತೆ ಕೆಂಪಗಿದ್ದರೂ ಇದಕ್ಕೆ ಕಪ್ಪು ಚುಕ್ಕೆಯಿಲ್ಲ, ಗಾತ್ರದಲ್ಲಿ ಸ್ವಲ್ಪ ದೊಡ್ಡದು. ಗುಲಗಂಜಿ ಬಳ್ಳಿಯದ್ದು, ಮಂಜೊಟ್ಟಿ ದೊಡ್ಡ ಮರದ್ದು. ಕಾಯಿ ಒಣಗಿ ಸುರುಳಿಯಾಗಿ ಬಿರಿದಾಗ ಬೀಜಗಳು ಮರದಡಿ ಉದುರುತ್ತವೆ. ಅವುಗಳ ತೂಕದಲ್ಲಿ ಹೆಚ್ಚು ಕಡಿಮೆ ಇರುವುದಿಲ್ಲವಾದ್ದರಿಂದ ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಇವನ್ನೇ ಬಳಸುತ್ತಿದ್ದರು. ನಾಲ್ಕು ಬೀಜ ಸೇರಿದರೆ ಸರಿಸುಮಾರು ಒಂದು ಗ್ರಾಮ್.

ಆಟದ ಆರಂಭದಲ್ಲಿ ಗುಳಿಗೆ ನಾಲ್ಕರಂತೆ 56 ಕಾಯಿ ಹಂಚುತ್ತಾರೆ. ಮಣೆಯ ಎರಡು ಬದಿಗೆ ಇಬ್ಬರು, ಒಬ್ಬೊಬ್ಬರಿಗೆ ಏಳು ಗುಳಿ. ಆಡುವ ಕ್ರಮ ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ಅರಸು ಆಟ, ಜೋಡುಪೆರ್ಗ ಎಂದು ಮುಂತಾಗಿ ಹೆಸರುಗಳೂ ಹಲವು. ಒಬ್ಬರೇ ಕುಳಿತು ಆಡುವುದಕ್ಕೆ ಸೀತೆಯಾಟ ಎಂದು ಹೆಸರು. ಅಶೋಕವನದಲ್ಲಿ ಒಂಟಿಯಾಗಿದ್ದ ಸೀತೆ ಆಡಿದ ಆಟವಿದು ಎಂಬ ನಂಬಿಕೆ. ಹೆಚ್ಚಿನ ಕ್ರಮಗಳ ತಳದಲ್ಲಿ ಇರುವುದು ಒಂದೇ ತತ್ತ್ವ. ತನ್ನ ಬದಿಯ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯನ್ನು ಎತ್ತಿಕೊಂಡು ಮತ್ತೆ ಬಿತ್ತಬೇಕು. ಹಾಗೆ ಎತ್ತಲು ಹೋದಾಗ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರ ಪಾಲು. ಅಲ್ಲಿಗೆ ಸರದಿ ಎದುರಿನವರಿಗೆ.

ಈ ಕ್ರಮವನ್ನು ಮನೆಯಲ್ಲಿ ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಹೊಸ ಮಣೆಯಲ್ಲಿ ಮೊದಲ ಗುಳಿಯಿಂದ ಹೊರಟರೆ ಆಟಗಾರ್ತಿ ಏಳು ಸಲ ಕಾಯಿ ಎತ್ತಿ, ಒಟ್ಟು 28 ಕಾಯಿ ಬಿತ್ತಿ, ಕೊನೆಗೆ ಖಾಲಿ ಗುಳಿಯ ಮುಂದೆ ನಿಂತು ಆರು ಕಾಯಿ ಗೆಲ್ಲುತ್ತಾಳೆ. ಮೊದಲ ನಡೆಯಲ್ಲಿ ಯಾವ ಗುಳಿಯಿಂದ ಹೊರಟರೂ ಸಿಗುವುದು ಆರೇ. ಎರಡನೆಯ ನಡೆಯಿಂದ ಈ ಸಮತೆ ಮುರಿಯುತ್ತದೆ. ಯಾವ ಗುಳಿ ಎತ್ತಿದರೆ ಓಟ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಮನಸ್ಸಿನಲ್ಲಿ ಎಣಿಸಬಲ್ಲವರೇ ಗೆಲ್ಲುವವರು. ಕಾಯಿ ಮುಟ್ಟದೆ ಕಣ್ಣಿನಲ್ಲೇ ಲೆಕ್ಕ ಹಾಕುವುದು ರೂಢಿಯಿಂದ ಬರುವ ವಿದ್ಯೆ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಈ ಮಣೆಯಿಂದಲೇ ಸಿದ್ಧಿಸುತ್ತಿತ್ತು.

ಒಂದು ಆಟಕ್ಕೆ ಸೋಲು ಗೆಲುವು ಮುಗಿಯುವುದಿಲ್ಲ. ಅನೇಕ ಕಡೆಯ ರೂಢಿಯಂತೆ, ಸೋತವರು ಮುಂದಿನ ಸುತ್ತಿನಲ್ಲಿ ತಮ್ಮ ಬಳಿ ಉಳಿದ ಕಾಯಿಗಳಿಂದ ಎಷ್ಟು ಗುಳಿ ತುಂಬಲು ಸಾಧ್ಯವೋ ಅಷ್ಟನ್ನೇ ತುಂಬಬೇಕು. ಉಳಿದ ಗುಳಿಗಳು ಆ ಸುತ್ತಿಗೆ ಮುಚ್ಚಿದಂತೆ. ಹೀಗೆ ಸುತ್ತಿನಿಂದ ಸುತ್ತಿಗೆ ಒಬ್ಬರ ಗುಳಿಗಳು ಕಡಿಮೆಯಾಗುತ್ತವೆ. ಗುಳಿಯನ್ನು ಗದ್ದೆಯೆಂದೂ ಕಾಯಿಯನ್ನು ಬಿತ್ತವೆಂದೂ ಭಾವಿಸಿ ನೋಡಿದರೆ, ಸೋತವರ ಗದ್ದೆ ಒಂದೊಂದಾಗಿ ಹಡಿಲು ಬೀಳುವ ಆಟ ಇದು.

ಆಟಿ ಎಂಬ ಬಿಡುವು

ತುಳುವರ ಸೌರಮಾನ ಪಂಚಾಂಗದಲ್ಲಿ ಆಟಿ ಬರುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಜುಲೈ ಒಂದೇ ತಿಂಗಳ ಮಳೆ 1,000 ಮಿ.ಮೀ. ದಾಟುವುದು ಇಲ್ಲಿ ಮಾಮೂಲು. ಏಣೆಲು ಬೆಳೆಯ ನಾಟಿ ಅಷ್ಟರಲ್ಲಿ ಮುಗಿದಿರುತ್ತಿತ್ತು. ಕೊಯ್ಲು ದೂರ. ಗೊರಬು ಹೊದ್ದು ಗದ್ದೆಯಲ್ಲಿ ಬಗ್ಗಿ ನಿಂತಿದ್ದ ಹೆಂಗಸರ ಬೆನ್ನಿಗೆ ವರ್ಷದಲ್ಲಿ ಸಿಗುತ್ತಿದ್ದ ಬಿಡುವು ಈ ದಿನಗಳದ್ದೇ.

ಬಿಡುವು ಇದ್ದರೂ ಸುಖದ ಕಾಲವೇನೂ ಆಗಿರಲಿಲ್ಲ. ಕಣಜದ ಅಕ್ಕಿ ತಳ ಕಾಣುವ ತಿಂಗಳು ಆಟಿ. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಕೆಸುವಿನ ಎಲೆಯ ಪತ್ರೊಡೆ, ತಿಮರೆ ಚಟ್ನಿಗಳಲ್ಲಿ ದಿನ ಕಳೆಯಬೇಕಿತ್ತು. ಆಟಿ ಅಮಾವಾಸ್ಯೆಯಂದು ಬೆಳಗಿನ ಜಾವ ಪಾಲೆ ಮರದ ತೊಗಟೆ ಜಜ್ಜಿ ತಂದು ಕಷಾಯ ಕುಡಿಯುವ ಪದ್ಧತಿ ಇಂದಿಗೂ ಉಳಿದಿದೆ. ಮದುವೆ, ಗೃಹಪ್ರವೇಶದಂಥ ಶುಭಕಾರ್ಯಗಳು ಈ ತಿಂಗಳಲ್ಲಿ ನಡೆಯುವುದಿಲ್ಲ. ಮಾರಿಯನ್ನು ಓಡಿಸಲು ಆಟಿ ಕಳೆಂಜ ಮನೆಮನೆಗೆ ಬರುತ್ತಾನೆ.

ಇದೇ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ತವರಿಗೆ ಬಂದು ಉಳಿಯುವ ವಾಡಿಕೆಯಿದೆ. ‘ಆಟಿ ಕುಳಿತುಕೊಳ್ಳುವುದು’ ಎಂದು ಅದನ್ನು ಕರೆಯುತ್ತಾರೆ. ಗಂಡನ ಮನೆಯ ಕೆಲಸದಿಂದ ಬಿಡುಗಡೆ ಪಡೆದು ಬಂದ ಮಗಳು, ಮದುವೆಯಾಗದ ತಂಗಿಯರು, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಅಜ್ಜಿ ಎಲ್ಲರೂ ಒಂದೇ ಸೂರಿನಡಿ ಸೇರುವ ತಿಂಗಳು ಅದು. ಹೊರಗೆ ಕಾಲಿಡಲಾಗದ ಮಳೆ. ಅಟ್ಟದ ಮೇಲಿನ ಮಣೆ ಕೆಳಗಿಳಿಯುತ್ತಿದ್ದುದು ಆಗ. ಮಧ್ಯಾಹ್ನದ ಗಂಜಿಯೂಟ ಮುಗಿದ ಮೇಲೆ ಜಗಲಿಯಲ್ಲಿ ಇಬ್ಬರು ಆಡಲು ಕುಳಿತರೆ ನಾಲ್ವರು ಸುತ್ತ ಕುಳಿತು ಪಕ್ಷ ವಹಿಸುತ್ತಿದ್ದರು. ಆಟಿ ಮುಗಿದು ಸೋಣ ಬಂತೆಂದರೆ ಕಾಯಿಗಳನ್ನು ಕಟ್ಟಿ, ಮಣೆಯನ್ನು ಮತ್ತೆ ಅಟ್ಟಕ್ಕೇರಿಸುತ್ತಿದ್ದರು. ಅಲ್ಲಿಂದ ಮುಂದೆ ಅದನ್ನು ಮುಟ್ಟುವಂತಿರಲಿಲ್ಲ.

ಮೊದಲನೆಯ ಷರತ್ತಿನ ಅರ್ಥ ಇಲ್ಲಿ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಕುಳಿತರೆ ಏಳಲು ಮನಸ್ಸಾಗದ ಆಟ ಇದು. ಬೇಸಾಯದ ಮನೆಯಲ್ಲಿ ಅದಕ್ಕೊಂದು ಬೇಲಿ ಬೇಕಿತ್ತು. ಅದೇ ಬೇಲಿ ಹೆಂಗಸರಿಗೆ ಒಂದು ಹಕ್ಕನ್ನೂ ಕೊಟ್ಟಿತು. ಆಟಿಯಲ್ಲಿ ಚೆನ್ನೆ ಆಡುವವರನ್ನು ಸೋಮಾರಿಗಳೆಂದು ಬೈಯುವಂತಿರಲಿಲ್ಲ.

ಅಬ್ಬಗ ಮತ್ತು ದಾರಗ

ಎರಡನೆಯ ಷರತ್ತಿನ ಹಿಂದೆ ತುಳುನಾಡಿನ ಬಹುದೊಡ್ಡ ಪಾಡ್ದನವೊಂದಿದೆ. ಅದು ಸಿರಿಯ ಕಥೆ. ತಪ್ಪು ಮಾಡಿದ ಗಂಡ ಕಾಂತು ಪೂಂಜನನ್ನು ಧಿಕ್ಕರಿಸಿ, ಮಗುವಿನೊಡನೆ ಹೊರನಡೆದು, ಮುಂದೆ ಕೊಡ್ಸಾರ ಆಳ್ವನನ್ನು ಮದುವೆಯಾದ ದಿಟ್ಟ ಹೆಣ್ಣು ಸಿರಿ. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಹೆಣ್ಣುಮಕ್ಕಳೇ ಅಬ್ಬಗ ಮತ್ತು ದಾರಗ.

ಪಾಠದಿಂದ ಪಾಠಕ್ಕೆ ವಿವರಗಳು ಬದಲಾದರೂ ಕಥೆಯ ತಿರುಳು ಇದು: ತಂದೆ ತಾಯಿ ಮನೆಯಲ್ಲಿಲ್ಲದ ಹೊತ್ತು ಅವಳಿಗಳು ಚೆನ್ನೆಮಣೆ ತೆಗೆದು ಆಡಲು ಕೂರುತ್ತಾರೆ. ಆಟದಲ್ಲಿ ದಾರಗ ಗೆಲ್ಲುತ್ತಾ ಹೋಗುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಸಿಟ್ಟು ನೆತ್ತಿಗೇರಿದ ಅಬ್ಬಗ ಅದೇ ಮಣೆಯನ್ನೆತ್ತಿ ತಂಗಿಯ ತಲೆಗೆ ಬಡಿಯುತ್ತಾಳೆ. ದಾರಗ ಸಾಯುತ್ತಾಳೆ. ಮಾಡಿದ್ದೇನೆಂದು ಅರಿವಾದಾಗ ಅಬ್ಬಗ ತಂಗಿಯ ದೇಹವನ್ನು ಬಾವಿಗೆ ಹಾಕಿ ತಾನೂ ಅದೇ ಬಾವಿಗೆ ಹಾರುತ್ತಾಳೆ. ಸಿರಿಯ ಸಂತತಿ ಅಲ್ಲಿಗೆ ಈ ಲೋಕದಿಂದ ಮಾಯವಾಗುತ್ತದೆ.

ಈ ಕಥೆ ಕಲ್ಲಡ್ಕಕ್ಕೆ ದೂರದ್ದಲ್ಲ. ಸಿರಿ ಪಾಡ್ದನವನ್ನು ಹೆಂಗಸರು ನಾಟಿಯ ಗದ್ದೆಗಳಲ್ಲಿ ಹಾಡುತ್ತಿದ್ದರು. ಅಂದರೆ ಗದ್ದೆಯಲ್ಲಿ ಅಬ್ಬಗ ದಾರಗರ ಕಥೆ ಹಾಡಿದ ಹೆಂಗಸರೇ ಕೆಲವು ವಾರಗಳ ಬಳಿಕ ಜಗಲಿಯಲ್ಲಿ ಚೆನ್ನೆಗೆ ಕೂರುತ್ತಿದ್ದರು. ನಂದಳಿಕೆ, ಹಿರಿಯಡಕ, ಕವತಾರುಗಳಂಥ ಆಲಡೆಗಳಲ್ಲಿ ನಡೆಯುವ ಸಿರಿ ಜಾತ್ರೆಯಲ್ಲಿ ಹೆಣ್ಣುಮಕ್ಕಳ ಮೈಮೇಲೆ ಸಿರಿಯೂ ಅವಳ ಸಂತತಿಯೂ ಬರುವ ಆಚರಣೆ ಇಂದಿಗೂ ಇದೆ.

ಪಕ್ಕದ ಬೆಳ್ತಂಗಡಿ ತಾಲೂಕಿನ ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಈ ಕಥೆಯನ್ನು ಪೂರ್ಣವಾಗಿ ಹಾಡಬಲ್ಲವರಾಗಿದ್ದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ಅವರಿಂದ ಹಾಡಿಸಿ ದಾಖಲಿಸಿದ ಪಾಠ 15,683 ಸಾಲುಗಳಷ್ಟಾಯಿತು. ಅದು ಇಂಗ್ಲಿಷ್ ಅನುವಾದದೊಡನೆ ಎರಡು ಸಂಪುಟಗಳಲ್ಲಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಅದಕ್ಕೂ ಮೊದಲೇ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಸಿರಿ ಆಚರಣೆಯ ಬಗ್ಗೆ 1975ರಲ್ಲಿ ಬರೆದಿದ್ದರು. ತುಳುವರ ಪುರಾಣ ಮತ್ತು ಆರಾಧನೆಯಲ್ಲಿ ಚೆನ್ನೆಯ ಸ್ಥಾನವೇನು ಎಂಬುದರ ಬಗ್ಗೆಯೇ ಅವರ ಪ್ರತ್ಯೇಕ ಲೇಖನ ಮೈಸೂರಿನಿಂದ ಬಂತು. ಜಗಲಿಯ ಆಟವೊಂದು ಹೀಗೆ ವಿದ್ವಾಂಸರ ಮೇಜಿನ ಮೇಲೂ ಬಂದು ಕೂತಿತು.

ಪಾಲಿನ ಭಯ

ಅವಳಿಗಳ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದುದು ಸಿಟ್ಟು ಒಳ್ಳೆಯದಲ್ಲ ಎಂಬ ನೀತಿಗಾಗಿ. ಆದರೆ ಗದ್ದಲ ಮಾಡಿಕೊಳ್ಳುವುದು ಅಣ್ಣ ತಮ್ಮಂದಿರೂ ಹೌದು, ಭಾವ ಮೈದುನರೂ ಹೌದು. ನಿಷೇಧ ಮಾತ್ರ ಅಕ್ಕ ತಂಗಿಯರ ಮೇಲೆ ಬಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ಆ ಕಾಲದ ಮನೆಯ ವ್ಯವಸ್ಥೆಯನ್ನು ನೋಡಬೇಕು.

ತುಳುನಾಡಿನ ಹಲವು ಸಮುದಾಯಗಳಲ್ಲಿ ಇದ್ದದ್ದು ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ. ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು. ಕುಟುಂಬ ನಿಂತಿದ್ದುದು ಒಬ್ಬ ತಾಯಿಯ ಹೆಣ್ಣುಮಕ್ಕಳ ಮೇಲೆ. ಒಬ್ಬೊಬ್ಬ ಅಕ್ಕ ಅಥವಾ ತಂಗಿಯಿಂದ ಒಂದೊಂದು ಕವಲು ಬೆಳೆಯುತ್ತಿತ್ತು. ಹಾಗಾಗಿ ಅಕ್ಕ ತಂಗಿಯರ ನಡುವೆ ಬಿರುಕು ಬಂದರೆ ಮನೆಯೇ ಎರಡಾಗುವ ಅಪಾಯ. ಅಂಥ ಮನೆಯಲ್ಲಿ ಒಬ್ಬಳ ಗುಳಿ ಬರಿದಾದಷ್ಟೂ ಇನ್ನೊಬ್ಬಳ ಗುಳಿ ತುಂಬುವ ಆಟಕ್ಕೆ ಒಡಹುಟ್ಟಿದವರು ಎದುರುಬದುರು ಕೂರುವುದು ಹಿರಿಯರಿಗೆ ಹಿತವಾಗಿ ಕಂಡಿರಲಾರದು. ಅಬ್ಬಗ ದಾರಗರ ಬಾವಿ ಆ ಭಯದ ಚಿತ್ರವೆಂದೂ ಓದಬಹುದು.

ಮನೆಗಳು ಪಾಲಾಗಿದ್ದು ಚೆನ್ನೆಯಿಂದಲ್ಲ, ಕಾನೂನಿನಿಂದ. ಅಂದಿನ ಮದರಾಸು ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ 1949ರಲ್ಲಿ ಅಳಿಯಸಂತಾನ ಕಾಯಿದೆ ಬಂದು ಕವಲುಗಳಿಗೆ ಪಾಲು ಕೇಳುವ ಹಕ್ಕು ದೊರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಕ್ಕಳಿಗೂ ಪಾಲು ಕೊಟ್ಟಿತು. 1974ರ ಭೂ ಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿತು. ಎಷ್ಟೋ ಬಡ ಮನೆಗಳಿಗೆ ಇದರಿಂದ ಅನ್ನ ಸಿಕ್ಕಿತು, ಸ್ವಂತ ನೆಲ ಸಿಕ್ಕಿತು. ಅದರೊಂದಿಗೆ ಆಟಿಯಲ್ಲಿ ಹತ್ತಿಪ್ಪತ್ತು ಮಂದಿ ಹೆಂಗಸರು ಒಂದೇ ಜಗಲಿಯಲ್ಲಿ ಸೇರುತ್ತಿದ್ದ ದೊಡ್ಡ ಮನೆಗಳ ಕಾಲವೂ ಮುಗಿಯುತ್ತಾ ಬಂತು.

ಕಡಲಾಚೆಯ ನೆಂಟರು

ಚೆನ್ನೆ ತುಳುವರಿಗೆ ಮಾತ್ರ ಸೇರಿದ ಆಟವಲ್ಲ. ಹಳೆ ಮೈಸೂರಿನಲ್ಲಿ ಇದೇ ಅಳಗುಳಿಮಣೆ, ತಮಿಳುನಾಡಿನಲ್ಲಿ ಪಲ್ಲಾಂಕುಳಿ, ತೆಲುಗರಲ್ಲಿ ವಾಮನಗುಂಟಲು. ಒಬ್ಬರೇ ಆಡುವ ಆಟಕ್ಕೆ ತಮಿಳರೂ ಸೀತೆಯ ಹೆಸರನ್ನೇ ಇಟ್ಟಿದ್ದಾರೆ ಎಂಬುದು ಸ್ವಾರಸ್ಯದ ಸಂಗತಿ. ಶ್ರೀಲಂಕೆಯಲ್ಲಿ ಒಲಿಂದ ಕೆಳಿಯ, ಇಂಡೋನೇಷ್ಯದಲ್ಲಿ ಚೊಂಗ್ಕ್ಲಾಕ್, ಪೂರ್ವ ಆಫ್ರಿಕದಲ್ಲಿ ಬಾವೊ, ಘಾನಾದಲ್ಲಿ ಓವಾರೆ. ಇವೆಲ್ಲಕ್ಕೂ ವಿದ್ವಾಂಸರು ಇಟ್ಟ ಸಾಮಾನ್ಯ ಹೆಸರು ಮಂಕಾಲ. ಇಂಗ್ಲೆಂಡಿನ ಎಚ್.ಜೆ.ಆರ್. ಮರೆ 1952ರಲ್ಲಿ ಪ್ರಕಟಿಸಿದ ಮಣೆಯಾಟಗಳ ಚರಿತ್ರೆಯಲ್ಲಿ ಈ ಕುಲದ ಆಟಗಳನ್ನು ದೇಶ ದೇಶಗಳಿಂದ ಕಲೆಹಾಕಿದ್ದಾರೆ.

ಕಾಲದ ಕಟ್ಟುಪಾಡೂ ತುಳುನಾಡಿಗೆ ಮಾತ್ರ ಸೀಮಿತವಲ್ಲ. ಶ್ರೀಲಂಕೆಯಲ್ಲಿ ಒಲಿಂದ ಕೆಳಿಯ ಏಪ್ರಿಲ್ ತಿಂಗಳ ಸಿಂಹಳ ಹೊಸವರ್ಷದ ಆಟ. ಆಫ್ರಿಕದಿಂದ ಗುಲಾಮರಾಗಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದವರ ಸಂತತಿ ಇದೇ ಬಗೆಯ ಆಟವನ್ನು ಸಾವಿನ ಮನೆಯಲ್ಲಿ ಆಡುತ್ತಿದ್ದುದನ್ನು ಮಾನವಶಾಸ್ತ್ರಜ್ಞ ಹರ್ಸ್ಕೊವಿಟ್ಸ್ 1932ರಲ್ಲಿ ಬರೆದರು. ಎಣಿಸಿ, ಬಿತ್ತಿ, ಬಾಚಿಕೊಳ್ಳುವ ಈ ಆಟವನ್ನು ಬೇರೆ ಬೇರೆ ಜನ ಬರಿಯ ಕಾಲಹರಣವೆಂದು ಬಿಡದೆ ವರ್ಷದ ಅಥವಾ ಬದುಕಿನ ಒಂದು ನಿರ್ದಿಷ್ಟ ಗಳಿಗೆಗೆ ಕಟ್ಟಿಹಾಕಿದರು.

ಮಣೆ ಅಟ್ಟದಲ್ಲೇ ಉಳಿದದ್ದು

ಚೆನ್ನೆ ಮರೆಯಾದದ್ದು ಟಿ.ವಿ.ಯಿಂದ ಎಂದು ಹಲವರು ಹೇಳುವುದುಂಟು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಆರಂಭವಾದಾಗ ಊರಿಗೊಂದರಂತಿದ್ದ ಟಿ.ವಿ.ಯ ಮುಂದೆ ಜನ ಸೇರಿದ್ದು ನಿಜ. ಆದರೆ ಅದಕ್ಕೂ ಮೊದಲೇ ಆಟಿಯ ಮಧ್ಯಾಹ್ನಗಳು ಬೇರೊಂದು ಕೆಲಸಕ್ಕೆ ಸಂದುಹೋಗಿದ್ದವು. ಅದು ಬೀಡಿ.

ಮಂಗಳೂರಿನ ಬೀಡಿ ಉದ್ಯಮ 20ನೇ ಶತಮಾನದಲ್ಲಿ ಬೆಳೆದಂತೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳ ಹೆಂಗಸರ ಮಡಿಲಿಗೆ ಎಲೆ, ಹೊಗೆಸೊಪ್ಪು, ನೂಲು ಬಂದವು. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಮನೆಯಲ್ಲೇ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸುವ ಕಾಯಿದೆ 1966ರಲ್ಲಿ ಬಂತು. ಮಕ್ಕಳ ಶಾಲೆಯ ಫೀಸು, ಮಗಳ ಮದುವೆಯ ಚಿನ್ನ, ಅಂಗಡಿಯ ಸಾಲ ಎಲ್ಲವೂ ಈ ದುಡ್ಡಿನಿಂದ ಸಾಗಿದವು. ಗದ್ದೆಯ ಕೆಲಸ ಮಳೆಗೆ ನಿಲ್ಲುತ್ತಿತ್ತು, ಬೀಡಿಯ ಕೆಲಸ ನಿಲ್ಲಲಿಲ್ಲ. ಆಟಿಯಲ್ಲಿ ಜಗಲಿಗೆ ಬಂದ ಹೆಂಗಸರ ಕೈಯಲ್ಲಿ ಈಗ ಬೀಡಿಯ ತಡ್ಪೆ ಇತ್ತು. ಎಣಿಕೆ ಆಗಲೂ ಇತ್ತು. ಎಣಿಸಬೇಕಾದದ್ದು ಕಟ್ಟುಗಳನ್ನು.

ಬಳಿಕ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ನಾಟಿಯೇ ಇಲ್ಲದ ಮೇಲೆ ನಾಟಿ ಮುಗಿದ ಬಿಡುವು ಎಲ್ಲಿಂದ ಬರಬೇಕು? ಅಡಿಕೆಯವರಿಗೆ ಆಟಿ ಎಂದರೆ ಕೊಳೆರೋಗದ ಚಿಂತೆ, ಮಳೆ ಬಿಟ್ಟ ಗಳಿಗೆ ನೋಡಿ ಬೋರ್ಡೊ ದ್ರಾವಣ ಸಿಂಪಡಿಸುವ ಗಡಿಬಿಡಿ. ಹೆಣ್ಣುಮಕ್ಕಳು ಶಾಲೆ ಕಾಲೇಜಿಗೆ, ನೌಕರಿಗೆ ಹೊರಟರು. ಇದಕ್ಕಾಗಿ ಯಾರೂ ಮರುಗಬೇಕಿಲ್ಲ. ಕಣಜ ಖಾಲಿಯಾಗುತ್ತಿದ್ದ ಆ ಆಟಿಯನ್ನು ಮರಳಿ ತರಬೇಕೆಂದು ಅದನ್ನು ಉಂಡವರು ಯಾರೂ ಬಯಸಲಾರರು.

ಒಂದು ದಿನದ ಆಟಿ

ಈಚಿನ ವರ್ಷಗಳಲ್ಲಿ ಊರೂರಲ್ಲಿ ‘ಆಟಿಡೊಂಜಿ ದಿನ’ ಎಂಬ ಕಾರ್ಯಕ್ರಮಗಳು ನಡೆಯುತ್ತಿವೆ. ಪತ್ರೊಡೆ, ತಿಮರೆ ಚಟ್ನಿಗಳ ಜೊತೆ ಚೆನ್ನೆಮಣೆಯೂ ವೇದಿಕೆ ಏರುತ್ತದೆ. ಗಣ್ಯರು ನಾಲ್ಕು ಕಾಯಿ ಹಾಕಿ ಉದ್ಘಾಟಿಸುತ್ತಾರೆ. ತುಳುನಾಡಿನ ಹಳೆಯ ಬದುಕಿನ ಪರಿಕರಗಳನ್ನು ಒಂದೆಡೆ ತರುವ ಕೆಲಸವನ್ನು ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ್ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಮಾಡುತ್ತಾ ಬಂದಿದೆ. ಈ ಪ್ರಯತ್ನಗಳಿಂದ ಮಣೆ ಏನೆಂಬುದು ಇಂದಿನ ಮಕ್ಕಳಿಗೆ ತಿಳಿದಿದೆ.

ಮಣೆ ಉಳಿಸುವುದು ಕಷ್ಟವಲ್ಲ. ಅದು ಮರ, ನೂರು ವರ್ಷ ಬಾಳುತ್ತದೆ. ಆಟ ಉಳಿಯಬೇಕಾದರೆ ಅದನ್ನು ಬಲ್ಲವರ ಎದುರು ಕಲಿಯುವವರು ಕೂರಬೇಕು. ಮನೆ ಮನೆಗೂ ಬೇರೆಯಾಗಿದ್ದ ಆಟದ ಕ್ರಮಗಳು ಅಜ್ಜಿಯರ ಕೈಬೆರಳುಗಳಲ್ಲಿವೆ. ಅವರು ಅದನ್ನು ಬಾಯಲ್ಲಿ ವಿವರಿಸಲು ಹೋದರೆ ತಡವರಿಸುತ್ತಾರೆ, ಮಣೆ ಮುಂದಿಟ್ಟರೆ ಬೆರಳು ತಾನಾಗಿ ಓಡುತ್ತದೆ. ಕಾಯಿಯ ಕೊರತೆಯಂತೂ ಇಲ್ಲ. ಬಂಟ್ವಾಳ ತಾಲೂಕಿನ ದಾರಿಬದಿಯ ಮಂಜೊಟ್ಟಿ ಮರಗಳು ಪ್ರತಿವರ್ಷ ಉದುರಿಸುತ್ತಲೇ ಇವೆ. 56 ಆರಿಸಿ ತಂದರೆ ಸಾಕು.

ಆಟಿಯ ಒಂದು ಮಧ್ಯಾಹ್ನ ಮೊಮ್ಮಗಳು ಅಜ್ಜಿಯ ಎದುರು ಕೂರಲಿ. ಒಡಹುಟ್ಟಿದವರು ಆಡಬಾರದೆಂಬ ಕಟ್ಟು ಅಜ್ಜಿ ಮೊಮ್ಮಗಳಿಗೆ ಅನ್ವಯಿಸುವುದಿಲ್ಲ. ಅಬ್ಬಗ ದಾರಗರ ಕಥೆಯನ್ನು ಅಜ್ಜಿ ಆಟದ ನಡುವೆ ಹೇಗೂ ಹೇಳಿಯೇ ಹೇಳುತ್ತಾಳೆ.